ಸರ್ಕಾರಿ ಕಾರಿನ ಹುಳುಗಳು

ಸರ್ಕಾರಿ ಕಾರಿನ ಮೇಲೆ ಸತ್ತ ಹುಳು ಸರ್ಕಾರಕ್ಕೆ ಸೇರಿದ್ದು. ಅದನ್ನ ಒರೆಸೋದು, ಕೆರೆಯೋದು, ಊದೋದು ಮೂರೂ ಅಪರಾಧ. ಇದು ನನ್ನ ಮಾತಲ್ಲ, ನಮ್ಮೆದುರಿನ ರಸ್ತೆ ತಪಾಸಣೆ ಆಫೀಸಿನ ಗೇಟಿಗೆ ಬೋರ್ಡೇ ಹಾಕಿದ್ದಾರೆ. ಬೋರ್ಡು ಯಾಕೆ ಬಂತು ಅಂತ ಆಫೀಸಿನವರನ್ನ ಕೇಳಿದ್ರೆ ಹೇಳಲ್ಲ, ಪಾಪ, ಅವರಿಗೆ ಪುರಸೊತ್ತಿಲ್ಲ. ಅದಕ್ಕೆ ನಾನು ಹೇಳ್ತೀನಿ.

ಆಫೀಸಿನ ಕಾರು ನಿಲ್ಲೋದು ನಮ್ಮ ಕಾಂಪೌಂಡಿಗೆ ಎದುರಾಗಿ, ಬೀದಿದೀಪದ ಕೆಳಗೆ. ನಿಲ್ಲೋದು ಅಂದ್ರೆ ನಿಂತೇ ಇರೋದು. ಊರಾಚೆಯ ರಸ್ತೆಗಳು ನೆಟ್ಟಗಿವ್ಯಾ ಅಂತ ಸಾಹೇಬರು ಸುತ್ತಾಡಿ ನೋಡಲಿ ಅಂತ ಕೊಟ್ಟ ಕಾರು. ಬಂದ ಹೊಸದರಲ್ಲೇ, ಕರೆಂಟು ಹೋದಾಗ ಮನೇಲಿ ಫ್ಯಾನ್ ತಿರುಗಲ್ಲ ಅಂತ ಸಾಹೇಬರು ಅದರ ಬ್ಯಾಟರಿ ಬಿಚ್ಚಿಸಿಕೊಂಡು ಹೋದರು. ಫ್ಯಾನ್ ತಿರುಗಿತು, ಕಾರು ನಿಂತಿತು. ಮೇಲೆ ದೀಪ, ಕೆಳಗೆ ಬಿಳೀ ಕಾರು. ದೀಪಕ್ಕೆ ಮುತ್ತಿದ ಹುಳುಗಳು ಸುಸ್ತಾಗಿ ಬಾನೆಟ್ ಮೇಲೆ ಬೀಳೋವು, ಇಬ್ಬನಿಗೆ ಅಂಟಿಕೊಳ್ಳೋವು, ಹಗಲು ಬಿಸಿಲಿಗೆ ಕಾದು ಸೀದ ಹಾಲಿನ ಪಾತ್ರೆ ತಳದ ಹಾಗೆ ಹಿಡ್ಕೊಳ್ಳೋವು. ಬರ್ತಾ ಬರ್ತಾ ಅದು ಬಿಳೀ ಕಾರು ಅಂತ ಗೊತ್ತಾಗಬೇಕಾದ್ರೆ ಬಾಗಿಲು ತೆಗೆದು ಸಂದಿ ನೋಡಬೇಕಾಯ್ತು.

ಅದರ ಡ್ರೈವರು ನಮ್ಮ ಪಕ್ಕದ ಮನೆಯವನು. ಬೀದಿಯವರೆಲ್ಲ ಗೇರಣ್ಣ ಅಂತೀವಿ. ಕಾರು ಕದಲದಿದ್ರೂ ಕೈಗೆ ಅಭ್ಯಾಸ ತಪ್ಪಬಾರದು ಅಂತ ದಿನಾ ಬೆಳಗ್ಗೆ ಒಳಗೆ ಕೂತು ಎಲ್ಲಾ ಗೇರೂ ಹಾಕಿ, ಕೊನೆಗೆ ಬ್ರೇಕ್ ತುಳಿದು ಇಳೀತಿದ್ದ. ಅವನದು ತಾತ್ಕಾಲಿಕ ಕೆಲಸ. ಮದುವೆಯಾದಾಗಲೂ ತಾತ್ಕಾಲಿಕ, ಮಗಳು ಹುಟ್ಟಿದಾಗಲೂ ತಾತ್ಕಾಲಿಕ, ಆ ಮಗಳಿಗೆ ಗಂಡು ನೋಡೋ ಹೊತ್ತಿಗೂ ತಾತ್ಕಾಲಿಕ. ಈ ಸಲ ಮೇಲಿನ ಆಫೀಸಿಂದ ಮೇಡಂ ಬರ್ತಾರೆ, ಅವರು ಸೈನ್ ಹಾಕಿದ್ರೆ ಪರ್ಮನೆಂಟು, ಇಲ್ಲಾಂದ್ರೆ ವಯಸ್ಸು ಮೀರಿತು ಅಂತ ಮನೆಗೆ. ಗೇರಣ್ಣನ ಹೆಂಡತಿ ನನ್ನ ಹತ್ರ ಬಂದು, "ಅಕ್ಕಾ, ಇದೊಂದು ಆಗಿಬಿಟ್ರೆ ಸಾಕು, ಇನ್ನೇನೂ ಕೇಳಲ್ಲ" ಅಂದಳು. ಅವಳು ಹಾಗೆ ಅಂದಿದ್ದನ್ನ ನಾನು ಮೂರು ಮನೆಗೆ ಮಾತ್ರ ಹೇಳಿದೆ.

ಮೇಡಂ ಬರೋ ಹಿಂದಿನ ದಿನ ಬೆಳಗ್ಗೆ ಸಾಹೇಬರು ಗೇರಣ್ಣನ್ನ ಕರೆದು, ಮೇಡಂ ಕಾರು ನೋಡೋಕೇ ಬರ್ತಿರೋದು, ಕಾರಿನ ಕಡೆ ಗಮನ ಇರಲಿ ಅಂತ ಹೇಳಿ ಊಟಕ್ಕೆ ಹೋದರು. ಯಾರಿಗೇ ಹೇಳಿದ್ರೂ ಏನು ಅರ್ಥ ಮಾಡ್ಕೊಳ್ತಾರೆ? ಅವನೂ ಅದನ್ನೇ ಮಾಡ್ಕೊಂಡ. ಬಕೆಟ್ ತಂದ.

ಮೊದಲು ತೆಂಗಿನ ನಾರು ಹಾಕಿ ಉಜ್ಜಿದ. ಬಣ್ಣಕ್ಕೆ ಗೀರು ಬಿತ್ತು, ಹುಳುವಿಗೆ ಏನೂ ಆಗಲಿಲ್ಲ. ಸೀಮೆಎಣ್ಣೆ ಹಚ್ಚಿದ. ಹುಳು ಫಳಫಳ ಹೊಳೆಯಿತು, ಬಿಡಲಿಲ್ಲ. ನಮ್ಮ ಗೇಟಲ್ಲಿ ನಿಂತಿದ್ದ ನಾನು, ಸೀದ ಪಾತ್ರೆ ಯಾರಾದ್ರೂ ಒಣಗಿದಾಗ ತಿಕ್ತಾರೇನಪ್ಪಾ, ನೆನೆಸೋ ಅಂದೆ. ಅವನ ಹೆಂಡತಿ ಹಳೇ ಪಂಚೆ, ಲಂಗ, ದಿಂಬಿನ ಕವರು ಎಲ್ಲಾ ಬಿಸಿ ಸೋಪಿನ ನೀರಲ್ಲಿ ಅದ್ದಿ ತಂದು ಬಾನೆಟ್ ಮೇಲೆ ಹಾಸಿದಳು. ಜ್ವರ ಬಂದ ಮಗುವಿಗೆ ಒದ್ದೆಬಟ್ಟೆ ಹಾಕಿದ ಹಾಗೆ ಇಬ್ಬರೂ ಪಕ್ಕದಲ್ಲೇ ಕೂತು, ಒಣಗಿದ್ರೆ ನೀರು ಚಿಮುಕಿಸ್ತಾ ಕಾದರು. ಆಮೇಲೆ ಮೆತ್ತಗೆ ಒರೆಸಿದ್ರೆ ನೆನೆದ ಕಾಳಿನ ಸಿಪ್ಪೆ ಹಾಗೆ ಬಂದುವು. ಕೆಲವು ಕಡೆ ಹುಳು ಹೋದ್ರೂ ಅದರ ಹಳದಿ ಗುರುತು ಬಣ್ಣದೊಳಗೇ ಇಳಿದಿತ್ತು. ಅದಕ್ಕೆ ಹೆಂಡತಿ ಹಲ್ಲುಜ್ಜೋ ಪೇಸ್ಟ್ ಹಚ್ಚಿ ತಿಕ್ಕಿದಳು. ಸಾಯಂಕಾಲಕ್ಕೆ ಕಾರು ಬೆಳ್ಳಗಾಯ್ತು. ಗೇರಣ್ಣ ಬಾನೆಟ್ಟಲ್ಲಿ ಮುಖ ನೋಡ್ಕೊಂಡು ತಲೆ ಬಾಚಿದ.

ಸಾಹೇಬರು ಬಂದರು. ಕಾರು ನೋಡಿ ಅಲ್ಲೇ ಮೋರಿ ಕಟ್ಟೆ ಮೇಲೆ ಕೂತುಬಿಟ್ಟರು. ಒಳಗಿಂದ ಗುಮಾಸ್ತರು ಬಂದು ನೋಡಿ, ಅವರೂ ಪಕ್ಕದಲ್ಲಿ ಕೂತರು.

ಆಗಲೇ ನಮಗೆಲ್ಲ ವಿಷಯ ಗೊತ್ತಾಗಿದ್ದು. ನಿಂತ ಕಾರು ಅಷ್ಟೂ ರಸ್ತೆ ಸುತ್ತಿ ಬಂದಿದೆ ಅಂತ ಈ ಆಫೀಸು ತಿಂಗಳಾ ತಿಂಗಳಾ ಬರೀತಿತ್ತಂತೆ. ಸದರಿ ವಾಹನವು ವಾಸ್ತವವಾಗಿ ಪ್ರವಾಸ ಕೈಗೊಂಡಿರುವುದಕ್ಕೆ ಆಧಾರವೇನು ಅಂತ ಮೇಲಿನಿಂದ ಒಂದ್ಸಲ ಕೇಳಿದಾರೆ. ಅದಕ್ಕೆ ಗುಮಾಸ್ತರು, ವಾಹನದ ಮುಂಭಾಗದಲ್ಲಿ ಕರ್ತವ್ಯದ ಅವಧಿಯಲ್ಲಿ ಮೃತಪಟ್ಟಿರುವ ವಿವಿಧ ಪ್ರದೇಶಗಳ ಕೀಟಗಳನ್ನು ಪರಿಶೀಲಿಸಬಹುದು ಅಂತ ಉತ್ತರ ಕೊಟ್ಟಿದಾರೆ. ಮೇಲಿನವರಿಗೆ ಅದು ಬಹಳ ಹಿಡಿಸಿ, ಕೀಟಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು, ಖುದ್ದು ಬಂದು ನೋಡುತ್ತೇವೆ ಅಂದಿದಾರೆ. ಇದನ್ನ ಡ್ರೈವರಿಗೆ ಹೇಳಬೇಕು ಅಂತ ಯಾರಿಗೂ ಹೊಳೆದಿಲ್ಲ. ಡ್ರೈವರಿಗೂ ಪ್ರವಾಸಕ್ಕೂ ಏನು ಸಂಬಂಧ?

ಗೇರಣ್ಣ ಕೈಕಟ್ಟಿ ನಿಂತು, "ಸಾರ್, ಕಾರು ಎಲ್ಲಿಗೂ ಹೋಗೇ ಇಲ್ವಲ್ಲ. ಬ್ಯಾಟರಿ ನಿಮ್ಮನೇಲಿದೆ" ಅಂದ.

"ಬ್ಯಾಟರಿ ಮಾತು ಈಗ ಬೇಡ," ಅಂದರು ಸಾಹೇಬರು. "ಹುಳು ಎಲ್ಲಿ, ಅದನ್ನ ಹೇಳು."

"ಮೋರೀಲಿ ಹೋದವು, ಸಾರ್."

ಅಲ್ಲೇ ಕೂತು ಗುಮಾಸ್ತರು ನೋಟಿಸ್ ಬರೆದು, ಓದಿ ಹೇಳಿ ಕೊಟ್ಟರು. ನಾನು ಒಣಗಿದ ಬಟ್ಟೆ ತೆಗೀತಿದ್ದೆ, ಪೂರ್ತಿ ಕೇಳಿಸ್ತು. "ತಾವು ಒಂದು ಬಕೆಟ್ ಸೋಪಿನ ನೀರಿನಲ್ಲಿ ಈ ಕಚೇರಿಯ ಸಮಸ್ತ ಪ್ರವಾಸವನ್ನು ಕರಗಿಸಿದ್ದೀರಿ. ಮೇಡಂ ಅವರು ಆಗಮಿಸುವ ಮುನ್ನ ಕೀಟಗಳನ್ನು ಸ್ವಸ್ಥಾನಕ್ಕೆ ತರತಕ್ಕದ್ದು. ತಪ್ಪಿದಲ್ಲಿ ತಾವು ಈವರೆಗೆ ಈ ಕಚೇರಿಯಲ್ಲಿ ಕೆಲಸವನ್ನೇ ಮಾಡಿಲ್ಲವೆಂದು ತಿಳಿಯಲಾಗುವುದು." ಕೇಳಿ ಅವನ ಹೆಂಡತಿ ಒದ್ದೆ ಲಂಗ ಕೈಯಲ್ಲಿ ಹಿಡಿದಿದ್ದವಳು ಹಿಂಡೋದನ್ನೇ ಮರೆತಳು.

ಬೆಳಗಾಗ್ತಿದ್ದ ಹಾಗೇ ಬೀದಿಯಲ್ಲಿ ಸಾರಿದರು. ಕಿಟಕಿ ಸಂದಿ, ಟ್ಯೂಬ್‌ಲೈಟು, ಜೇಡರಬಲೆ, ಎಲ್ಲೇ ಸತ್ತ ಹುಳು ಇದ್ರೂ ಆಫೀಸಿಗೆ ತಂದೊಪ್ಪಿಸಬೇಕು, ಅರ್ಧ ರೆಕ್ಕೆಯವೂ ನಡೆಯುತ್ತೆ. ಮದುವೆ ಆದಾಗಿಂದ ಟ್ಯೂಬ್‌ಲೈಟ್ ಒರೆಸದವರೆಲ್ಲ ಅವತ್ತು ದೇಶಸೇವೆ ಮಾಡಿದರು. ನಾನೂ ಒಂದು ಹಿಡಿ ಕೊಟ್ಟೆ. ಗುಮಾಸ್ತರು ಕುರ್ಚಿ ಹಾಕ್ಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು, ಇದು ಗುಡ್ಡದ ರಸ್ತೆ, ಇದು ಕೆರೆ ಏರಿ, ಇದು ಹೆದ್ದಾರಿ ಅಂತ ಒಂದೊಂದು ಹುಳುವಿಗೂ ಒಂದೊಂದು ರಸ್ತೆ ಮಂಜೂರು ಮಾಡಿದರು. ಅಟೆಂಡರ್ ಒಂದು ಜಿರಲೆ ತಂದ. ಅದನ್ನ ತಿರಸ್ಕರಿಸಿದರು. ಜಿರಲೆ ಅಂಟಿಸಿದ್ರೆ ಕಾರು ಯಾರದೋ ಅಡುಗೆಮನೆಗೆ ನುಗ್ಗಿದೆ ಅಂತ ಆಗುತ್ತೆ, ಅದಕ್ಕೆ ಬೇರೆ ಇಲಾಖೆ ಅನುಮತಿ ಬೇಕು.

ಆಫೀಸಿನ ಗೋಂದು ಒಣಗಿ ಕಲ್ಲಾಗಿತ್ತು. ಗೇರಣ್ಣನ ಹೆಂಡತಿ ಮೈದಾ ಕುದಿಸಿ ಅಂಟು ಮಾಡಿ ಕೊಟ್ಟಳು. ಹಿಂದಿನ ದಿನ ಯಾವ ಕೈಯಿಂದ ಒರೆಸಿದ್ದರೋ ಅದೇ ಕೈಯಿಂದ ಗಂಡ ಹೆಂಡತಿ ಒಂದೊಂದೇ ಹುಳು ಅಂಟಿಸ್ತಾ ಹೋದರು. ಒಂದ್ಸಲ ಅವಳು, "ರೀ, ಆ ಚಿಟ್ಟೆ ಸ್ವಲ್ಪ ಎಡಕ್ಕೆ ಹಾಕ್ರೀ, ಹಳದಿ ಗುರುತು ಮುಚ್ಚುತ್ತೆ" ಅಂದಳು. ಮನೆ ಗೋಡೆಗೆ ಫೋಟೋ ಹೊಡಿಯೋವಾಗಲೂ ಅವಳದು ಅದೇ ವರಸೆ.

ಮೇಡಂ ಮಧ್ಯಾಹ್ನ ಬಂದರು. ಕನ್ನಡಕ ಒರೆಸಿ ಹಾಕ್ಕೊಂಡು ಬಾನೆಟ್ ಸುತ್ತ ನಿಧಾನವಾಗಿ ಬಂದರು. ಒಂದು ಕಡೆ ಮೇಡಂ ಬಗ್ಗಿ ನಿಂತರು.

"ಇವೆಲ್ಲ ಕಾರು ಹೋಗೋ ದಿಕ್ಕಿಗೇ ಮುಖ ಮಾಡಿ ಸತ್ತಿವೆಯಲ್ಲ. ಎದುರಿಗೆ ಬಂದು ಹೊಡೆದಿದ್ರೆ ಗಾಜಿನ ಕಡೆ ಮುಖ ಇರಬೇಕಿತ್ತು."

ನಾವ್ಯಾರೂ ಅದನ್ನ ಯೋಚಿಸಿರಲಿಲ್ಲ. ನೋಡೋಕೆ ಲಕ್ಷಣವಾಗಿರಲಿ ಅಂತ ಎಲ್ಲಾ ಒಂದೇ ಕಡೆಗೆ ಮಾಡಿದ್ದು. ಗೇರಣ್ಣನ ಹೆಂಡತಿ ನನ್ನ ತೋಳು ಹಿಡಿದಳು, ಉಗುರು ನಾಟಿತು.

ಸಾಹೇಬರು ಕೆಮ್ಮಿ, ಆ ರಸ್ತೆಗಳು ತೀರಾ ಕಿರಿದು ಮೇಡಂ, ತಿರುಗಿಸೋಕೆ ಜಾಗ ಇಲ್ಲದೆ ಹಿಂದಕ್ಕೇ ಓಡಿಸಬೇಕಾಯ್ತು, ಅದಕ್ಕೆ ಅವು ಹಿಂದಿನಿಂದ ಅಟ್ಟಿಸಿಕೊಂಡು ಬಂದು ಹೊಡೆದವು ಅಂದರು.

ಮೇಡಂ ತಲೆದೂಗಿದರು. ಹಿಮ್ಮುಖ ಪ್ರವಾಸ ಕಷ್ಟದ ಕೆಲಸ, ಇದುವರೆಗೆ ಯಾವ ಕಚೇರಿಯೂ ಮಾಡಿಲ್ಲ ಅಂತ ಮೆಚ್ಚಿಕೊಂಡರು. ಅಷ್ಟರಲ್ಲಿ ಮೈದಾ ವಾಸನೆಗೆ ಬಂದ ಇರುವೆ ಸಾಲೊಂದು ಒಂದು ಪತಂಗವನ್ನ ಎತ್ತಿಕೊಂಡು ಬಾನೆಟ್ಟಿನ ಅಂಚಿಗೆ ಹೊರಟಿತು. ಪತಂಗ ಹೋಗ್ತಿರೋದನ್ನ ಎಲ್ಲರೂ ನೋಡಿದರು. ಗೇರಣ್ಣ ಮೆಲ್ಲಗೆ ಮುಂದೆ ಹೋಗಿ ಇರುವೆ ಕೊಡವಿ, ಪತಂಗಾನ ಇದ್ದ ಜಾಗಕ್ಕೇ ಒತ್ತಿ ಕೂರಿಸಿದ.

"ಯಾರಿವನು?" ಅಂತ ಕೇಳಿದರು ಮೇಡಂ.

"ಡ್ರೈವರು ಮೇಡಂ. ತಾತ್ಕಾಲಿಕ."

"ಇಂಥವನನ್ನ ತಾತ್ಕಾಲಿಕ ಇಟ್ಕೊಳ್ಳೋದಾ?" ಅಂತ ಮೇಡಂ ಬಾನೆಟ್ಟಿನ ಖಾಲಿ ಜಾಗದ ಮೇಲೇ ಕಾಗದ ಇಟ್ಟು ಸೈನ್ ಹಾಕಿದರು.

ಹಾಗೆ ಗೇರಣ್ಣ ಪರ್ಮನೆಂಟ್ ಆದ. ಡ್ರೈವರ್ ಆಗಿ ಅಲ್ಲ, ಕೀಟಪಾಲಕ ಅಂತ. ಜೊತೆಗೇ ಆದೇಶ ಬಂತು. ಚಲಿಸಿದಲ್ಲಿ ಕೀಟಗಳು ಉದುರುವ ಸಂಭವವಿರುವುದರಿಂದ ಪ್ರವಾಸದ ವಾಹನವು ಯಾವ ಕಾರಣಕ್ಕೂ ಕದಲತಕ್ಕದ್ದಲ್ಲ. ಅನುಮಾನಕ್ಕೆ ಆಸ್ಪದ ಬೇಡ ಅಂತ ಚಕ್ರ ನಾಲ್ಕೂ ಬಿಚ್ಚಿ ಇಟ್ಟಿಗೆ ಮೇಲೆ ನಿಲ್ಲಿಸಿದರು. ಆ ಚಕ್ರಗಳು ಈಗ ಎಲ್ಲಿವೆ ಅಂತ ನಾನು ಕೇಳಲಿಲ್ಲ. ಗೇರಣ್ಣನಿಗೆ ಛತ್ರಿ ಕೊಟ್ಟರು, ಇರುವೆಗೆ ಸೀಮೆಸುಣ್ಣ ಕೊಟ್ಟರು, ಗೇಟಿಗೆ ಆ ಬೋರ್ಡು ಹಾಕಿದರು. ಹೆಂಡತಿ ಬೀದಿಗೆಲ್ಲ ಸಿಹಿ ಹಂಚಿದಳು. ಚೆನ್ನಾಗೇ ಇತ್ತು, ಸ್ವಲ್ಪ ಸಕ್ಕರೆ ಕಮ್ಮಿ.

ಕೆಲಸ ಖಾಯಂ ಆದ ವಾರದಲ್ಲೇ ಗೇರಣ್ಣನ ಹೆಂಡತಿಯ ಅಪ್ಪ ಬಂದರು. ಮೊಣಕಾಲವರೆಗೆ ಕೆಸರು. ಹೊಳೆಯ ಹತ್ರ ಅವರೂರಿನ ರಸ್ತೆ ಕುಸಿದು ಬಸ್ ನಿಂತಿದೆ, ಹೆರಿಗೆಗೆ ಹೊರಟ ಹೆಂಗಸನ್ನ ಹೊತ್ಕೊಂಡು ಬರೋ ಹಾಗಾಗಿದೆ, ಅಳಿಯ ಅದೇ ಆಫೀಸಲ್ಲಿದಾನೆ ಅಂತ ಊರವರೆಲ್ಲ ಇವರನ್ನೇ ಕಳಿಸಿದಾರೆ. ಮುದುಕರು ಛತ್ರಿ ಕೆಳಗೆ ನಿಂತಿದ್ದ ಅಳಿಯನ ಹತ್ರ ಹೋಗಿ, "ಅಳಿಯಂದ್ರೇ, ನಮ್ಮ ರಸ್ತೆ ಒಂದ್ಸಲ ಬಂದು ನೋಡೋಕೆ ಹೇಳ್ರಪ್ಪಾ" ಅಂದರು.

ಗೇರಣ್ಣ ಆಫೀಸಿನ ಕಿಟಕಿ ಕಡೆ ನೋಡಿದ. ಕಿಟಕಿಯಲ್ಲಿ ಗುಮಾಸ್ತರಿದ್ದರು. ಇತ್ತ ಮನೆ ಗೇಟಲ್ಲಿ ಹೆಂಡತಿ ನಿಂತಿದ್ದಳು.

"ನೋಡಿ ಆಗಿದೆ ಮಾವ," ಅಂದ. ಎಡಗಡೆ ಹೆಡ್‌ಲೈಟಿನ ಮೇಲಿದ್ದ ಒಂದು ಕಂದು ಹುಳು ತೋರಿಸಿದ. "ಇದು ನಿಮ್ಮೂರ ರಸ್ತೇದು."

ಮುದುಕರು ಬಗ್ಗಿ ಹುಳೂನ ನೋಡಿದರು. ಆಮೇಲೆ ಅಳಿಯನ ಮುಖ ನೋಡಿದರು, ಅವನ ಎದೆ ಮೇಲಿದ್ದ ಹೊಸ ಬಿಲ್ಲೆ ನೋಡಿದರು, ತಿರುಗಿ ಮಗಳನ್ನ ನೋಡಿದರು. ಅವಳು ಸೆರಗು ಬಾಯಿಗೆ ಒತ್ಕೊಂಡಿದ್ದಳು.

"ಹೌದು, ನಮ್ಮೂರದೇ," ಅಂದರು ಕೊನೆಗೆ. "ರೆಕ್ಕೆ ನೋಡಿದ್ರೇ ಗೊತ್ತಾಗುತ್ತೆ."

ಕಿಟಕಿಯಿಂದ ಗುಮಾಸ್ತರು, ಹಾಗಾದರೆ ಪರಿಶೀಲಿಸಿ ತೃಪ್ತಿಯಾಗಿದೆ ಅಂತ ಒಂದು ಹೆಬ್ಬೆಟ್ಟು ಒತ್ತಿ ಹೋಗಿ ಅಂದರು. ಮುದುಕರು ಒತ್ತಿದರು. ಊಟ ಮಾಡ್ಕೊಂಡು ಹೋಗಪ್ಪಾ ಅಂತ ಮಗಳು ಕೈ ಹಿಡಿದಳು. ಬೇಡಮ್ಮ, ಬೆಳಕಿರೋವಾಗಲೇ ಹೊಳೆ ಇಳಿದು ದಾಟಬೇಕು ಅಂತ ಪಂಚೆ ಮೇಲೆ ಕಟ್ಟಿ ಹೊರಟರು. ಊರಲ್ಲಿ ಎಲ್ಲರೂ ಸಮಾಧಾನವಾಗಿದ್ದಾರಂತೆ. ರಸ್ತೆ ತಪಾಸಣೆ ಆಗಿದೆಯಲ್ಲ.