ಎಪ್ಪತ್ತೆಂಟನ್ನು ನಂಬದ ಮಾವ

ನಿವೃತ್ತ ಮಾಸ್ಟ್ರಾದ ನನ್ನ ಸೋದರಮಾವ ದೇವರನ್ನು ನಂಬುತ್ತಾರೆ, ಜಾತಕ ನಂಬುತ್ತಾರೆ, ಮೀನು ಮಾರುವವಳು "ತಾಜಾ" ಅಂದರೆ ಅದನ್ನೂ ನಂಬುತ್ತಾರೆ. ಎಪ್ಪತ್ತೆಂಟು ಎಂಬ ಸಂಖ್ಯೆಯನ್ನು ಮಾತ್ರ ನಂಬುವುದಿಲ್ಲ!

ಹಳೇ ಗ್ರಾಮಫೋನ್ ರೆಕಾರ್ಡು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕು ಅಂತ ನಾವು ನೀವು ತಿಳಿದಿದ್ದೇವಲ್ಲ, ಮಾವನ ಪ್ರಕಾರ ಅದು ಬರೀ ವದಂತಿ. "ಒಬ್ಬ ಎಪ್ಪತ್ತಾರರಲ್ಲಿ ಕೊರೆದ, ಇನ್ನೊಬ್ಬ ಎಂಬತ್ತರಲ್ಲಿ. ಲೇಬಲ್ ನಂಬಿದ್ರೆ ಕತೆ ಮುಗೀತು ಮಾರಾಯ್ತಿ!" ಸಾಲದ್ದಕ್ಕೆ, ರೆಕಾರ್ಡು ಕೊರೆಯುವಾಗ ಒಂದೊಂದು ಕಂಪೆನಿಯವರು ಒಂದೊಂದು ಲೆಕ್ಕದಲ್ಲಿ ದಪ್ಪ ಸ್ವರ ತಗ್ಗಿಸಿ ಸಪೂರ ಸ್ವರ ಏರಿಸುತ್ತಿದ್ದರಂತೆ. ಕೇಳುವವ ಅದನ್ನು ಉಲ್ಟಾ ಮಾಡಿ ಸರಿಪಡಿಸಬೇಕಂತೆ. ಹಾಗಾಗಿ ಕದ್ರಿಯ ಅವರ ಮನೆಯಲ್ಲಿ ಮೂರು ನಿಮಿಷದ ಹಾಡು ಕೇಳಲು ಮುಕ್ಕಾಲು ಗಂಟೆ ಬೇಕು. ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿಯಬೇಕು, ವೇಗದ ಗುಂಡಿ ತಿರುಗಿಸಬೇಕು, ಆಮೇಲೆ ದಪ್ಪ ಸ್ವರದ ಬಾಸ್, ಆಮೇಲೆ ಸಪೂರ ಸ್ವರದ ಟ್ರೆಬಲ್... ಅಷ್ಟರಲ್ಲಿ ಕೇಳಲು ಬಂದವರು ಕಾಫಿ ಕುಡಿದು ಬಸ್ಸು ಹತ್ತಿರುತ್ತಾರೆ!

ಅತ್ತೆ ಒಮ್ಮೆ ಸಿಟ್ಟಿನಲ್ಲಿ ಪಟಪಟ ಬೈದರು. ಮಾವ ಶಾಂತವಾಗಿ, "ನೀನೀಗ ಎಂಬತ್ತೆರಡರಲ್ಲಿ ಓಡ್ತಾ ಇದ್ದಿ," ಎಂದರು.

"ನಿಮ್ಮ ತಲೆ ಎಷ್ಟರಲ್ಲಿ ಉಂಟು? ಅದು ತಿರುಗುವುದು ನಿಂತೇ ಹೋಗಿದೆ!"

ನನ್ನನ್ನು ನೋಡಲು ಕೊಟ್ಟಾರದಿಂದ ಗಂಡಿನ ಕಡೆಯವರು ಬಂದದ್ದೂ ಇದೇ ಮನೆಗೆ. ಆಗ ನಾನು ಅಲ್ಲೇ ಇದ್ದು ಓದುತ್ತಿದ್ದೆ. ಹುಡುಗನ ತಂದೆ ತಮ್ಮ ಪ್ರೀತಿಯ ರೆಕಾರ್ಡು ತಂದಿದ್ದರು. ಲೇಬಲ್ ಸವೆದು ಹೋಗಿತ್ತು. "ಎಂತಹ ಗಂಡು ಕಂಠ ಕೇಳಿ!" ಎಂದರು. ಮಾವ ಕಿವಿ ನಿಮಿರಿಸಿ, ಗುಂಡಿ ತಿರುಗಿಸಿದರು. ಗಂಡು ಕಂಠ ಏರಿತು, ಇನ್ನೂ ಏರಿತು, ಕೊನೆಗೆ ಶುದ್ಧ ಹೆಂಗಸಾಯಿತು! "ನಿಮ್ಮ ಮನೆಯ ಯಂತ್ರ ನಿಧಾನ. ನಲವತ್ತು ವರ್ಷ ನೀವು ಕೇಳಿದ್ದೇ ತಪ್ಪು!" ಅಂತ ಮಾವ ಘೋಷಿಸಿಬಿಟ್ಟರು. ಸಂಬಂಧ ಹೇಗೆ ಕೂಡಿ ಬಂತೋ ನನಗಿನ್ನೂ ಆಶ್ಚರ್ಯ. ನನ್ನ ಗಂಡನ ತಂದೆ ಮಾತ್ರ ಆ ರೆಕಾರ್ಡನ್ನು ಮತ್ತೆ ಮುಟ್ಟಲಿಲ್ಲ.

ಕಳೆದ ವರ್ಷ ನಾನು ಕದ್ರಿಗೆ ಹೋಗಿದ್ದಾಗ ಉಳ್ಳಾಲದಿಂದ ಬಟ್ಟೆ ಅಂಗಡಿಯ ಹಾಜಿಯವರು ತಮ್ಮ ವಯಸ್ಸಾದ ತಾಯಿಯನ್ನು, ಅವರ ಮಾತಿನಲ್ಲಿ ಉಮ್ಮನನ್ನು, ಕರೆದುಕೊಂಡು ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಸಣ್ಣ ರೆಕಾರ್ಡು. ಹಾಜಿಯವರು ತಾಯಿಯ ಹೊಟ್ಟೆಯಲ್ಲಿರುವಾಗ ಅವರ ತಂದೆ ಹಡಗಿನ ಕೆಲಸಕ್ಕೆ ಹೋದವರು. ಮುಂಬೈಯಲ್ಲಿ ಯಾವುದೋ ಅಂಗಡಿಯಲ್ಲಿ ದುಡ್ಡು ಕೊಟ್ಟು ತಮ್ಮ ಮಾತು ಕೊರೆಸಿ ಕಳಿಸಿದ್ದರು. ಹಿಂದೆ ಬರಲೇ ಇಲ್ಲ.

"ಎಲ್ಲಿ ಹಾಕಿದರೂ ಗಿಳಿ ಮಾತಾಡಿದ ಹಾಗೆ ಕೇಳ್ತದೆ ಮಾಸ್ಟ್ರೇ. ಮಕ್ಕಳು ನಗಾಡ್ತಾರೆ. ಇದು ಅವರ ಸ್ವರವೇ ಅಲ್ಲ ಅಂತಾರೆ ಉಮ್ಮ."

ಮಾವ ಹಾರ್ಮೋನಿಯಂ ಎಳೆದುಕೊಂಡರು. ಆದರೆ ಬರೀ ಮಾತಿಗೆ ಯಾವ ಶ್ರುತಿ ಹಿಡಿಯುವುದು? ಒತ್ತಿದರು, ತಿರುಗಿಸಿದರು, ಬೆವರಿದರು. ಕೊನೆಗೆ ನಾನು ಜನ್ಮದಲ್ಲಿ ಕೇಳದ ಮಾತು ಅವರ ಬಾಯಿಂದ ಬಂತು: "ನನಗೆ ಗೊತ್ತಾಗುವುದಿಲ್ಲ. ನೀವೇ ಹೇಳಬೇಕು ಉಮ್ಮ."

ಅವರು ಹತ್ತಿರ ಬಂದು ಕುಳಿತರು. ಕಣ್ಣು ಮುಚ್ಚಿದರು. "ಇನ್ನೂ ಮೆಲ್ಲ," ಎಂದರು. ಮಾವ ಒಂದೆಳೆ ತಗ್ಗಿಸಿದರು. "ಇನ್ನೂ ಸ್ವಲ್ಪ... ಅಷ್ಟೂ ಬೇಡ..."

ಹಾಗೆ ತಿರುಗಿಸುತ್ತಾ ಇರುವಾಗ ಗಿಳಿಯ ಸ್ವರ ಹೋಗಿ, ಇಪ್ಪತ್ತೈದರ ಹರೆಯದ ಯಾರೋ ಕೋಣೆಯೊಳಗೆ ಬಂದು ನಿಂತ ಹಾಗಾಯಿತು. ತುಸು ಗೊಗ್ಗರು, ತುಸು ನಾಚಿಕೆ. ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಆ ಹರೆಯದವರು ಹೇಳುತ್ತಿದ್ದರು: ನಾನು ಸೌಖ್ಯ ಇದ್ದೇನೆ, ನೀನು ಉಂಡೆಯಾ?

ಉಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು.

"ಉಂಡೆ," ಎಂದರು.

ಹಾಜಿಯವರು ಎದ್ದು ಅಂಗಳಕ್ಕೆ ಹೋದರು. ತಟ್ಟೆಯ ಮೇಲೆ ಮುಳ್ಳು ಸುಮ್ಮನೆ ಕರಕರ ಎನ್ನುತ್ತಿತ್ತು. ಮಾವ ಕನ್ನಡಕ ತೆಗೆದು ಒರೆಸಿಕೊಂಡು, ಮೆಲ್ಲ ಕೇಳಿದರು:

"ಇನ್ನೊಮ್ಮೆ ಇಡಲಾ ಉಮ್ಮ?"