ಮುಳುಗಲೇಬೇಕಾದ ಹಡಗು

ಮಗಳಿಗೆ ಆರು ವರ್ಷ ತುಂಬಿದ ದಿನ ಅವಳ ಕಾಗದದ ದೋಣಿ ಬಕೆಟ್ಟಿನಲ್ಲಿ ನೆನೆದು ಮುದ್ದೆಯಾಯಿತು. ಅಳು ನಿಲ್ಲಿಸಲು ಬಡಗಿ, "ಸುಮ್ನಿರು ಪುಟ್ಟಿ, ಯಾವತ್ತೂ ಮುಳುಗದೇ ಇರೋ ಹಡಗು ಮಾಡ್ಕೊಡ್ತೀನಿ" ಎಂದು ಮಾತು ಕೊಟ್ಟ. ಮಾತಿಗೆ ಮರವೂ ಬೇಡ, ಬಿಡುವೂ ಬೇಡ. ಹಡಗಿಗೆ ಎರಡೂ ಬೇಕು. ಹಾಗಾಗಿ ಏಳು ವರ್ಷ ಹಿಡಿಯಿತು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಗಳು ಟೈಟಾನಿಕ್ ಹಡಗನ್ನು ಆರಿಸಿಕೊಂಡ ಮೇಲೆ, ಹದಿನೈದು ದಿನ ಊಟದ ಬಿಡುವಿನಲ್ಲಿ ಕೆತ್ತಿ, ಮೊಳ ಉದ್ದದ, ನಾಲ್ಕು ಹೊಗೆಕೊಳವೆಯ ಹಡಗನ್ನು ಪ್ರದರ್ಶನದ ದಿನ ಬೆಳಿಗ್ಗೆ ಅವಳ ಮುಂದಿಟ್ಟ.

ಮಗಳು ಅದನ್ನು ಬಕೆಟ್ಟಿಗೆ ಬಿಟ್ಟಳು. ಒತ್ತಿ ಹಿಡಿದಳು. ಕೈ ಬಿಟ್ಟ ಕೂಡಲೇ ಹಡಗು ಬಾತುಕೋಳಿಯಂತೆ ಎದ್ದು ಬಂತು.

"ಅಪ್ಪ, ಇದು ಮುಳುಗಲ್ಲ."

"ಮುಳುಗೋದೇ ಇಲ್ಲ" ಎಂದ ಬಡಗಿ, ಹೆಮ್ಮೆಯಿಂದ.

"ಮುಳುಗಬೇಕಪ್ಪ. ಅದು ಯಾಕೆ ಮುಳುಗಿತು ಅಂತ ತಾನೇ ನಾನು ಹೇಳೋದು? ನಾಲ್ಕು ಗಂಟೆಗೆ, ಇಡೀ ಶಾಲೆ ಮುಂದೆ, ಐದು ನಿಮಿಷದಲ್ಲಿ ತಳ ಸೇರಬೇಕು." ಮಗಳು ಸೇರಿಸಿದಳು: "ಹೋದ ವರ್ಷ ನೀನು ನಾಟಕಕ್ಕೆ ಕಿರೀಟ ಮಾಡ್ಕೊಡ್ತೀನಿ ಅಂದಿದ್ದೆ. ರಾಣಿ ಬರಿತಲೇಲಿ ಸತ್ತಳು."

ಆ ಮಾತು ಮೊಳೆಯಂತೆ ನಾಟಿತು. "ಇವತ್ತು ಮುಳುಗಿಸಿಯೇ ಸಿದ್ಧ. ನೀನು ಶಾಲೆಗೆ ನಡಿ" ಎಂದ.

ಕುರ್ಚಿಗೆ ಐದು ಕಾಲು ಕೊಯ್ಯುವುದು ಬಡಗಿಯ ಅಭ್ಯಾಸ. ಒಂದು ಸೀಳಿದರೆ ಇನ್ನೊಂದಿರಲಿ ಎಂದು. ಹಡಗಿಗೂ ಒಂದೇ ಹಲಗೆಯಿಂದ, ಹೊಗೆಕೊಳವೆ ಸಮೇತ, ಎರಡು ಒಡಲು ತೆಗೆದಿಟ್ಟಿದ್ದ. ಮೊದಲನೆಯದನ್ನು ಅಳತೆಗೆಂದು ಜೊತೆಗೆ ತೆಗೆದುಕೊಂಡು, ತಾನು ಕೆಲಸ ಮಾಡುವ ಪೀಠೋಪಕರಣದ ಕಾರ್ಖಾನೆಗೆ ಬಂದವನೇ ಎರಡನೆಯದನ್ನು ಎತ್ತಿಕೊಂಡು, ಉಳಿ ಹಿಡಿದು, ಒಳಗನ್ನು ಟೊಳ್ಳು ಮಾಡಲು ಕೂತ.

ಪಾಲಿಶ್ ಹಾಕುವವನು ಪಕ್ಕ ಬಂದು ಕುಕ್ಕರಿಸಿದ. "ಮೇಸ್ತ್ರಿ, ಟೈಟಾನಿಕ್ ಮುಳುಗ್ತು ಅಂತ ನಿಮಗ್ಯಾರು ಹೇಳಿದ್ದು?"

"ಇಡೀ ಜಗತ್ತು."

"ಜಗತ್ತಿಗೇನು ಗೊತ್ತು. ಮುಳುಗಿದ್ದು ಅದರ ಅಕ್ಕ. ಒಂದೇ ಅಚ್ಚಿನ ಹಳೇ ಹಡಗು, ಡಿಕ್ಕಿ ಹೊಡ್ಕೊಂಡು ನೆಗ್ಗಿಹೋಗಿತ್ತು. ಹೆಸರು ಬದಲಾಯಿಸಿ ಸಮುದ್ರಕ್ಕೆ ತಳ್ಳಿದ್ರು. ವಿಮೆಗೋಸ್ಕರ."

"ಅಕ್ಕನೂ ಅಲ್ಲ, ತಂಗಿನೂ ಅಲ್ಲ" ಎಂದಳು ಕುಶನ್ ಹೊಲಿಯುವಾಕೆ, ಸೂಜಿ ಬಾಯಲ್ಲಿಟ್ಟುಕೊಂಡೇ. "ಅದರೊಳಗೆ ಸಾವಿರಾರು ವರ್ಷದ ಹೆಣ ಇತ್ತಂತೆ. ಶಾಪ ಅದು. ಮಂಜುಗಡ್ಡೆ ನೆಪ ಅಷ್ಟೆ."

ಗದ್ದಲ ಕೇಳಿ ಯಜಮಾನರೇ ಬಂದರು. ಬೈಯುತ್ತಾರೆಂದು ಎಲ್ಲರೂ ತಲೆ ತಗ್ಗಿಸಿದರೆ, ಅವರು ಹಡಗಿನೊಳಗೆ ಇಣುಕಿ, "ದಡ್ಡರಾ, ಹೊರಡೋ ಮುಂಚೆಯೇ ಕಲ್ಲಿದ್ದಲು ಕೋಣೇಲಿ ಬೆಂಕಿ ಇತ್ತು. ಉಕ್ಕು ಮೆತ್ತಗಾಗಿತ್ತು. ಹೇಗೆ ಅಂತ ತೋರಿಸ್ತೀನಿ ನೋಡ್ರಿ" ಎಂದು ಕಡ್ಡಿ ಗೀರಿದರು. ಒಳಗೆ ಮರದ ಹೊಟ್ಟು ತುಂಬಿದೆಯೆಂಬುದು ಅವರ ಗಮನಕ್ಕೆ ಬಂದದ್ದು ಹೊಗೆಕೊಳವೆಗಳಲ್ಲಿ ನಿಜವಾಗಿಯೂ ಹೊಗೆ ಬಂದಾಗ. ಕುಶನ್ನಿನಾಕೆ ಕುಡಿಯುವ ನೀರು ಸುರಿದಳು. ಹಡಗಿನ ಮೇಲಟ್ಟ ಅರ್ಧ ಕರಕಲಾಗಿತ್ತು.

"ನೋಡಿದ್ರಾ? ಹೀಗೇ ಆಗಿದ್ದು" ಎಂದು ಯಜಮಾನರು ಒಳಗೆ ಹೋದರು.

ಬಡಗಿ ಕರಕಲು ಹೆರೆದ. ಭಾರಕ್ಕೆ ಹೊಟ್ಟೆಯಲ್ಲಿ ಕಬ್ಬಿಣದ ಮೊಳೆ ತುಂಬಿ, ಅಡಿಯಲ್ಲಿ ಆರು ತೂತು ಕೊರೆದು, ತೂತಿಗೆ ಸಕ್ಕರೆ ಪಾಕ ಹೊಯ್ದು, ಗಟ್ಟಿಯಾಗಿಸಿ ಮುಚ್ಚಿದ. ನೀರಿನ ಪೀಪಾಯಿಗೆ ಬಿಟ್ಟ. ಸಕ್ಕರೆ ಕರಗಿತು. ಮೂತಿ ತಗ್ಗಿತು, ಬಾಲ ಎದ್ದಿತು, ನಾಲ್ಕೇ ನಿಮಿಷಕ್ಕೆ ಹಡಗು ತಳ ಸೇರಿತು. ಕುಶನ್ನಿನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇಲೆತ್ತಿ, ಒಣಗಿಸಿ, ಮತ್ತೆ ಪಾಕ ತುಂಬಿದ್ದಾಯಿತು. ಸುಟ್ಟ ಕಲೆ ಕಾಣದಂತೆ ಪಾಲಿಶಿನವನು ಬಣ್ಣ ಬಳಿದ. ಮೊದಲನೆಯದರ ಪಕ್ಕ ಇಟ್ಟರೆ ಅವಳಿ ಮಕ್ಕಳು.

"ಈಗ ಹೇಳಿ ಮೇಸ್ತ್ರಿ. ಅದಲು ಬದಲು ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಮಾಡಿದವನಿಗೆ ಗೊತ್ತಾಗಲ್ವೇನೋ? ಎತ್ತಿದ್ರೆ ಸಾಕು, ತೂಕ ಹೇಳುತ್ತೆ. ಆ ಹಡಗು ಕಟ್ಟಿದ ಸಾವಿರ ಜನಾನೂ ಕುರುಡರಾ? ನಿನ್ನ ಅಕ್ಕ-ತಂಗಿ ಕತೆ ಸಾಕು, ಕೆಲಸ ನೋಡು."

ಎಲ್ಲರೂ ನಕ್ಕರು. ಪಾಲಿಶಿನವನ ಮುಖ ಹುಳಿ ಹಿಂಡಿದ ಹಾಲಾಯಿತು. "ಆಯ್ತು ಬಿಡಿ. ನೀವು ಮುಖ ತೊಳ್ಕೊಳ್ಳಿ, ನಾನು ಪೆಟ್ಟಿಗೇಲಿ ಕಟ್ಟಿಡ್ತೀನಿ" ಎಂದ.

ಬಡಗಿ ಬಂದು ಪೆಟ್ಟಿಗೆ ಎತ್ತಿ ನೋಡಿದ. ಭಾರವಾಗಿತ್ತು. ಸಮಾಧಾನವಾಯಿತು. ಮುಚ್ಚಳಕ್ಕೊಂದು ಮೊಳೆ ಹೊಡೆಯೋಣವೆಂದರೆ ದೊಡ್ಡ ಸುತ್ತಿಗೆ ಎಲ್ಲೂ ಕಾಣಲಿಲ್ಲ. ಹುಡುಕುವಷ್ಟು ಹೊತ್ತಿರಲಿಲ್ಲ. ಹಗ್ಗ ಸಾಕೆಂದು ಹೊರಟೇಬಿಟ್ಟ.

ಪಾಲಿಶಿನವನು ಬೀದಿಯವರೆಗೂ ಓಡಿಬಂದ. "ಮೇಸ್ತ್ರಿ, ನಿಲ್ಲಿ, ಹಡಗಿನ ವಿಷಯ ಒಂದು ಮಾತು..."

ಬಡಗಿ ತಿರುಗಿ ನೋಡದೆ ಹೆಜ್ಜೆ ಬಿರುಸು ಮಾಡಿದ. ಹಡಗಿನ ವಿಷಯ ಅವತ್ತು ಕೇಳಿದ್ದೇ ಅವನಿಗೆ ಬೇಕಾದಷ್ಟಾಗಿತ್ತು.

ನಾಲ್ಕು ಗಂಟೆಗೆ ಶಾಲೆಯ ಅಂಗಳದಲ್ಲಿ ದೊಡ್ಡ ತೊಟ್ಟಿ, ಸುತ್ತ ಮಕ್ಕಳು, ಮುಂದೆ ಕುರ್ಚಿಯಲ್ಲಿ ಮುಖ್ಯೋಪಾಧ್ಯಾಯಿನಿ. ಬಡಗಿ ಪೆಟ್ಟಿಗೆಯನ್ನು ಮಗಳ ಕೈಗೆ ಕೊಟ್ಟು ಹಿಂದೆ ನಿಂತ. ಅವಳು ಹಡಗನ್ನೆತ್ತಿ ನೀರಿಗೆ ಬಿಟ್ಟಳು.

"ಈಗ ನೀರು ಮೊದಲನೇ ಕೋಣೆಗೆ ನುಗ್ಗುತ್ತಿದೆ" ಎಂದಳು. ಹಡಗು ತೇಲಿತು. "ಈಗ ಐದನೇ ಕೋಣೆ" ಎಂದಳು. ಹಡಗು ಗಾಳಿಗೆ ಒಂದು ಸುತ್ತು ಹಾಕಿತು. "ಈಗ ಪ್ರಯಾಣಿಕರೆಲ್ಲ ದೋಣಿಗಳಿಗಾಗಿ ಓಡುತ್ತಿದ್ದಾರೆ" ಎಂದು ನಾಲ್ಕು ಸಲ ಹೇಳಿದಳು.

"ಓಡಿದ್ದು ಸಾಕಮ್ಮ, ಸುಸ್ತಾಗಿರ್ತಾರೆ" ಎಂದು ಮುಖ್ಯೋಪಾಧ್ಯಾಯಿನಿ ಎದ್ದು ಅಡಿಕೋಲಿನಿಂದ ಹಡಗನ್ನು ಅದುಮಿದರು. ಅದು ಕೋಲಿನಡಿಯಿಂದ ಜಾರಿ ಚಿಮ್ಮಿ ಅವರ ಕನ್ನಡಕ ತೋಯಿಸಿತು.

ಬಡಗಿ ಮುಂದೆ ಬಂದು ಪೆಟ್ಟಿಗೆಗೆ ಕೈ ಹಾಕಿದ. ಅಡಿಯಲ್ಲಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿಕೊಂಡು, ಅವನ ದೊಡ್ಡ ಸುತ್ತಿಗೆ ಮಲಗಿತ್ತು. ಅದನ್ನೊಮ್ಮೆ ನೋಡಿದ. ಹಡಗನ್ನೊಮ್ಮೆ ನೋಡಿದ.

"ಬೇಡ ಅಪ್ಪ" ಎಂದಳು ಮಗಳು ಮೆಲ್ಲಗೆ.

ತೀರ್ಪಿನ ಹಾಳೆಯಲ್ಲಿ ಹೀಗೆ ಬರೆದಿತ್ತು: 'ವಿಷಯ, ಮುಳುಗುವಿಕೆ. ತೇಲಿದ್ದು ಚೆನ್ನಾಗಿತ್ತು.' ಬಹುಮಾನ ಜ್ವಾಲಾಮುಖಿ ಮಾಡಿದ್ದವರ ಪಾಲಾಯಿತು.

ದಾರಿಯುದ್ದಕ್ಕೂ ಮಗಳು ಹಡಗನ್ನು ಕಂಕುಳಲ್ಲಿ ಇಟ್ಟುಕೊಂಡೇ ನಡೆದಳು. ಮನೆಯ ತಿರುವಿನಲ್ಲಿ ಕೇಳಿದಳು: "ಇದು ಯಾವತ್ತೂ ಮುಳುಗಲ್ಲ ತಾನೇ?"

"ಇಲ್ಲ."

ಏಳು ವರ್ಷದ ಹಿಂದೆ ಕೊಟ್ಟ ಮಾತನ್ನು ಬಡಗಿ ಅವತ್ತು ಉಳಿಸಿಕೊಂಡ. ಬೆಳಿಗ್ಗೆ ಕೊಟ್ಟದ್ದನ್ನು ಉಳಿಸಿಕೊಳ್ಳಲಿಲ್ಲ.