ಹಂದಿ ಜ್ವರದಲ್ಲಿ ಮರೆತುಹೋದ ಗಂಡ

ಸ್ಕ್ಯಾನಿಂಗ್ ಕೋಣೆಯಲ್ಲಿ ನಗುವಂಥದ್ದೇನು ನಡೆಯುತ್ತದೆ ಎಂದು ನೀವು ಕೇಳಬಹುದು. ನಡೆಯುತ್ತಲೇ ಇರುತ್ತದೆ. ರೋಗಿಯ ಮನೆಯವರ ಎದುರು ನಗುವ ಹಾಗಿಲ್ಲವಾದ್ದರಿಂದ ನಾವು ಗಾಜಿನ ಈಚೆ ಬಂದು ನಗುತ್ತೇವೆ, ಅಷ್ಟೆ. ಶಿವಾಜಿನಗರದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾನು ಎಂಆರ್‌ಐ ಟೆಕ್ನಿಷಿಯನ್ ಆಗಿದ್ದೆ. ಅಂದರೆ ಯಂತ್ರ ನಡೆಸುವವನು, ಡಾಕ್ಟರಲ್ಲ. ಇದು ಹಂದಿ ಜ್ವರ ಬಂದ ವರ್ಷದ ಮಾತು. ಮೊದಲ ಸಲ ಬರೆಯುತ್ತಿದ್ದೇನೆ. ಗೊತ್ತಿರುವುದನ್ನೇ ವಿವರಿಸಿದರೆ ಕ್ಷಮಿಸಿ.

ತಲೆಗೆ ಏರಿದ್ದು

ರಾಮಮೂರ್ತಿ ನಗರದ ಒಬ್ಬ ಅಜ್ಜಿ ಆ ಜ್ವರದಿಂದ ಆಸ್ಪತ್ರೆ ಸೇರಿದ್ದರು. ಕೆಮ್ಮು ಇಳಿಯಿತು, ಆದರೆ ಗಂಡನ ಗುರುತೇ ಹತ್ತುತ್ತಿರಲಿಲ್ಲ. ಇಂಥ ಸೋಂಕು ಅಪರೂಪಕ್ಕೆ ಮೆದುಳಿಗೂ ತೊಂದರೆ ಮಾಡುತ್ತದೆ. ಅದಕ್ಕೇ ಸ್ಕ್ಯಾನ್.

ಅಜ್ಜ ಕೇಳಿದರು: "ಜ್ವರ ಬಂದಿದ್ದು ಎದೆಗೆ, ಫೋಟೋ ಯಾಕೆ ಸಾರ್ ತಲೆಗೆ?"

"ತಲೆಗೆ ಏನಾದ್ರೂ ಏರಿದೆಯಾ ಅಂತ ನೋಡೋಕೆ."

"ಅದನ್ನ ನನ್ನ ಕೇಳಿದ್ರೆ ಸಾಕಿತ್ತಲ್ಲ! ಮದುವೆಯಾದಾಗಿಂದ ನೋಡ್ತಿದೀನಿ, ಅವಳಿಗೆ ಎಲ್ಲಾ ಬೇಗ ಏರತ್ತೆ."

ಅರಿಶಿನದ ಕೊಂಬು

ಆ ಯಂತ್ರ ದೊಡ್ಡ ಅಯಸ್ಕಾಂತ. ಮೈಮೇಲೆ ಲೋಹ ಇರುವ ಹಾಗಿಲ್ಲ, ತಾಳಿ ಕೂಡ. ಗಂಡ ಬದುಕಿರುವಾಗ ಬರಿ ಕೊರಳಲ್ಲಿ ಇರಬಾರದೆಂದು ಹೆಂಗಸರು ನೊಂದುಕೊಳ್ಳುತ್ತಿದ್ದರು. ಹಾಗಾಗಿ ರಸೆಲ್ ಮಾರುಕಟ್ಟೆಯಿಂದ ತಂದ ಅರಿಶಿನದ ಕೊಂಬು, ನೂಲಿನ ದಾರ ನಮ್ಮ ಡ್ರಾಯರಿನಲ್ಲಿ ಸದಾ ಇರುತ್ತಿದ್ದವು. ತಾಳಿ ಬಿಚ್ಚಿ, ಅದರ ಬದಲು ಇದನ್ನು ಕಟ್ಟುವುದು.

ಅಜ್ಜ ಕಟ್ಟಲು ಹೋದರು. ಅಜ್ಜಿ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ಈ ವಯಸ್ಸಲ್ಲಿ ನನಗೆ ಮದುವೇನಾ? ಆಗ್ಲಿ. ಮೊದಲು ಆ ಮಾಸ್ಕ್ ತೆಗೆಸ್ರೀ, ಗಂಡಿಗೆ ಹಲ್ಲಾದ್ರೂ ಇದೆಯಾ ನೋಡೋಣ."

ಪುಣ್ಯವಂತೆ

ಮೆದುಳಿನಲ್ಲಿ ಸ್ವಲ್ಪ ಊತ ಇತ್ತು. ಔಷಧಿಯಲ್ಲಿ ಇಳಿಯಬಹುದು, ಕೆಲವು ವಾರ ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರ್. 'ಬಹುದು' ಎಂಬ ಮಾತು ಅಜ್ಜನನ್ನು ಹಣ್ಣು ಮಾಡಿತು. ಮರುಸ್ಕ್ಯಾನಿಗೆ ಬಂದಾಗ ಬೆಂಚಿನ ಮೇಲೆ ಕೂತು ಹೇಳಿಕೊಂಡರು.

"ಊಟ ಆಯ್ತಾ ಅಂತ ಒಂದು ದಿನ ಕೇಳಿದೋನಲ್ಲ ಸಾರ್ ನಾನು. ತಟ್ಟೆ ಮುಂದೆ ಕೂತು ಉಪ್ಪಿಲ್ಲ ಅಂತ ಕೂಗಿದ್ದೇ ಬಂತು. ಈಗ ಕೇಳ್ತೀನಿ, ಕೈಯಾರೆ ಬಡಿಸ್ತೀನಿ. ಅದಕ್ಕೆ ಏನಂತಾಳೆ ಗೊತ್ತಾ? 'ಎಷ್ಟು ಒಳ್ಳೇವರಪ್ಪಾ! ನಿಮ್ಮನ್ನ ಕಟ್ಕೊಂಡೋಳು ಪುಣ್ಯ ಮಾಡಿರ್ಬೇಕು.'"

ನಗು ಬಂತು. ಅವರ ಕಣ್ಣು ನೋಡಿ ನುಂಗಿಕೊಂಡೆ.

ಸ್ಪೀಕರಿನಲ್ಲಿ

"ಈ ಸಲನಾದ್ರೂ ನನ್ನ ಗುರುತು ಹಿಡೀತಾಳಾ ಸಾರ್?" ಎನ್ನುತ್ತಾ ಅಜ್ಜ ಹೊರಗೇ ಉಳಿದರು. ಒಳಗಿನ ರೋಗಿಯೊಡನೆ ನಾವು ಸ್ಪೀಕರಿನಲ್ಲಿ ಮಾತಾಡುತ್ತೇವೆ, ಹೊರಗಿನವರಿಗೆ ಕೇಳಿಸದು. ಸ್ಕ್ಯಾನ್ ಮುಗಿಯಿತು. ನನ್ನ ಕಣ್ಣಿಗೆ ಊತ ಕಾಣಲಿಲ್ಲ. ತಡೆಯಲಾಗದೆ ಕೇಳಿದೆ:

"ಅಮ್ಮಾ, ಹೊರಗೆ ಕೂತಿರೋರು ಯಾರು?"

"ನಮ್ಮೆಜಮಾನ್ರು. ಹೋದ ವಾರಾನೇ ಗೊತ್ತಾಯ್ತು."

"ಅಯ್ಯೋ, ಹೇಳ್ಬಾರ್ದಾ? ಅಲ್ಲಿ ಅಳ್ತಿದಾರೆ!"

ಅಜ್ಜಿ ದನಿ ತಗ್ಗಿಸಿದರು.

"ಇಷ್ಟು ವರ್ಷಕ್ಕೆ ಈಗ ಮಾತಾಡಿಸ್ತಿದಾರೆ ಕಣಪ್ಪಾ. ಅನ್ನ, ಸಾರು ಮಾಡೋದು ಕಲ್ತ್ರು. ಮುದ್ದೆ ಮಾತ್ರ ಇನ್ನೂ ಗಂಟು ಗಂಟು. ಅದೊಂದು ಕಲ್ತ್ಬಿಡ್ಲಿ, ಆಮೇಲೆ ಗುರುತು ಹಿಡೀತೀನಿ."